ಪಂಚಮಿಯಿಂದ ನವಮಿಯವರೆಗೆ

ಅಕ್ಕ: ನೀನು ಬಾದಾಮಿಯಿಂದ ಬರುವಷ್ಟರಲ್ಲಿ ಓಣಿಯ ಅರ್ಧ ಮಂದಿ ಬಂದುಹೋದರು, ತಮ್ಮಾ. ಒಬ್ಬೊಬ್ಬರೂ ಕಟ್ಟೆಯ ಮೇಲೆ ಕುಳಿತು, ನನ್ನ ಮುಖವನ್ನು ನೋಡಲಾರದೆ, ನೋಡದೆ ಇರಲೂ ಆರದೆ, ಧೈರ್ಯದಿಂದಿರಬೇಕು ಎಂದು ಹೇಳಿ ಎದ್ದರು. ಅವರ ಅಂತಃಕರಣದಲ್ಲಿ ನನಗೆ ಲೇಶವೂ ಸಂಶಯವಿಲ್ಲ; ಆದರೆ ಬಂದವರೆಲ್ಲರಿಗೂ ನನ್ನಲ್ಲಿ ಧೈರ್ಯವುಂಟೆಂದು ತೋರಿಸಿ ಕಳಿಸುವ ಹೊಣೆಯೊಂದು ಈ ರೋಗದ ಮೇಲೆ ಹೆಚ್ಚಿನ ಭಾರವಾಗಿ ನನ್ನ ಪಾಲಿಗೆ ಬಂದಿದೆ. ಶಸ್ತ್ರಕ್ರಿಯೆಗೆ ನಾನು ಇಷ್ಟು ಅಂಜಿರಲಿಲ್ಲ. ಅಲ್ಲಿ ನಿದ್ದೆ ಬರಿಸುತ್ತಾರೆ, ಕಣ್ಣು ತೆರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಈ ಕೀಮೋ ಎಂಬುದು ಹಾಗಲ್ಲ. ಎಚ್ಚರದಲ್ಲಿದ್ದು, ಸ್ವತಃ ನಡೆದುಹೋಗಿ, ಕೈಚಾಚಿ, ಐದಾರು ತಿಂಗಳ ಕಾಲ ಮತ್ತೆ ಮತ್ತೆ ಸ್ವೀಕರಿಸತಕ್ಕದ್ದು.

ತಮ್ಮ: ಅಂಜುವವರ ದೇಹದಲ್ಲಿಯೂ ಆ ಔಷಧ ಅಷ್ಟೇ ಕೆಲಸ ಮಾಡುತ್ತದೆ, ಅಕ್ಕಾ. ರೋಗಿಯ ಎತ್ತರವನ್ನೂ ತೂಕವನ್ನೂ ಅಳೆದು, ಅವೆರಡರಿಂದ ಮೈಯ ವಿಸ್ತಾರವನ್ನು ಗುಣಿಸಿ, ಅದಕ್ಕೆ ತಕ್ಕಂತೆ ಪ್ರಮಾಣವನ್ನು ಗೊತ್ತುಪಡಿಸುತ್ತಾರೆ. ರಕ್ತಕಣಗಳೆಷ್ಟು, ಹೃದಯದ ಬಲವೆಷ್ಟು, ಯಕೃತ್ತು ಹೇಗಿದೆ ಎಂದು ಬರೆದುಕೊಳ್ಳುತ್ತಾರೆ. ಆ ಕಾಗದದಲ್ಲಿ ಎದೆಗಾರಿಕೆಗೆಂದು ಒಂದು ಕಾಲಮ್ಮು ಇರುವುದನ್ನು ಔಷಧದಂಗಡಿಯಲ್ಲಿ ತಲೆ ನರೆತ ನಾನು ಈವರೆಗೆ ಕಂಡಿಲ್ಲ.

ಅಕ್ಕ: ಇದೊಂದು ಮಾತು ಬೆಳಗಿನಿಂದ ಕೇಳಿದವುಗಳಲ್ಲಿ ಮೇಲಾಯಿತು.

ತಮ್ಮ: ಇನ್ನೂ ಒಂದನ್ನು ನೆನೆ. ನಾವು ಚಿಕ್ಕವರಿದ್ದಾಗ ಇಂಥವರನ್ನು ಮಿರಜಿಗೆ ಒಯ್ದರಂತೆ ಎಂದು ಯಾರಾದರೂ ಹೇಳಿದರೆ ಹಿರಿಯರು ದನಿ ತಗ್ಗಿಸುತ್ತಿದ್ದರು. 1894ರಲ್ಲಿ ವಾನ್ಲೆಸ್ ಎಂಬ ಮಿಶನ್ ವೈದ್ಯನು ಸ್ಥಾಪಿಸಿದ ಆ ಆಸ್ಪತ್ರೆಯೇ ನಮ್ಮ ಸೀಮೆಯ ಜನಕ್ಕೆ ಕಡೆಯ ಆಶ್ರಯವಾಗಿದ್ದಿತು. ಅಲ್ಲಿಯೂ ಆಗದೆಂದರೆ 1941ರಲ್ಲಿ ತೆರೆದ ಮುಂಬಯಿಯ ಟಾಟಾ ಆಸ್ಪತ್ರೆ. 1973ರ ತರುವಾಯ ಬೆಂಗಳೂರಿನ ಕಿದ್ವಾಯಿ. ಮನೆಯವರೆಲ್ಲ ಊರು ಬಿಟ್ಟು, ಪರಸ್ಥಳದಲ್ಲಿ ಅಡಿಗೆ ಹೂಡಿಕೊಂಡು, ಹೊಲವನ್ನು ಪಾಲಿಗೆ ಹಾಕಿ ಮಾಡಬೇಕಾಗಿದ್ದ ಚಿಕಿತ್ಸೆಯನ್ನು ಇಂದು ನೀನು ಬೆಳಿಗ್ಗೆ ಕುಳಗೇರಿ ಕ್ರಾಸು, ನರಗುಂದ, ನವಲಗುಂದಗಳ ಮೇಲೆ ಹಾಯ್ದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೆಗೆದುಕೊಂಡು, ರಾತ್ರಿ ನಿನ್ನ ಹಾಸಿಗೆಯಲ್ಲಿ ಮಲಗಬಹುದು.

ಅಕ್ಕ: ನವನಗರವೆಂದರೆ ನನಗೆ ನೆನಪಾಗುವುದು ನಮ್ಮ ಬಾಗಲಕೋಟೆಯದೇ, ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಮುಳುಗಿದವರು ಹೋಗಿ ನೆಲಸಿದ್ದು. ಹೊಸ ಊರುಗಳಿಗೆಲ್ಲ ಒಂದೇ ಹೆಸರಿಡುವ ಸರಕಾರದ ಆಲಸ್ಯವನ್ನು ಏನೆನ್ನೋಣ! ಇರಲಿ, ಹಾದಿಯ ಮಾತು ಬಿಡು; ನನ್ನೊಳಗೆ ಬಿಡುವ ವಸ್ತು ಯಾವುದು, ಅದನ್ನು ಹೇಳು. ಅಲ್ಲಿಯ ನರ್ಸು ಕೆಂಪು ಔಷಧವೆಂದಳು. ಕೆಂಪೆಂದ ಮೇಲೆ ನನಗೆ ರಾತ್ರಿಯೆಲ್ಲ ಅದೇ ಕಣ್ಣ ಮುಂದೆ.

ತಮ್ಮ: ಮೊದಲ ನಾಲ್ಕು ಸರದಿಗಳಲ್ಲಿ ನಿನಗೆ ಕೊಡತಕ್ಕ ಔಷಧಗಳು ಎರಡು. ಡಾಕ್ಸೊರುಬಿಸಿನ್ ಎಂಬುದು ಕೆಂಪಗಿರುವುದು. ಸೈಕ್ಲೊಫಾಸ್ಫಮೈಡ್ ಎಂಬುದು ನೀರಿನಂತೆ ತಿಳಿಯಾದದ್ದು. ಇವೆರಡರ ಪೂರ್ವವೃತ್ತಾಂತವೂ ಇಟಲಿಯ ತೆಂಕಣ ತುದಿಗಿರುವ ಅಪುಲಿಯಾ ಎಂಬ ಒಂದೇ ಪ್ರಾಂತದ ಮೇಲೆ ಹಾಯ್ದು ಬಂದಿರುವುದು ವಿಚಿತ್ರವಾದ ಸಂಗತಿ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1943ರ ಡಿಸೆಂಬರ್ 2ರ ರಾತ್ರಿ, ಅಲ್ಲಿಯ ಬಾರಿ ಎಂಬ ಬಂದರಿನ ಮೇಲೆ ಜರ್ಮನರ ವಿಮಾನಗಳು ಬಾಂಬು ಸುರಿದುವು. ಅಲ್ಲಿ ನಿಂತಿದ್ದ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗಿನ ಹೊಟ್ಟೆಯಲ್ಲಿ, ಹೊರಗಿನವರಿಗೆ ತಿಳಿಯದಂತೆ, ಸಾಸಿವೆ ಅನಿಲದ ಬಾಂಬುಗಳನ್ನು ತುಂಬಿದ್ದರು. ಹಡಗು ಒಡೆದು, ವಿಷವು ಎಣ್ಣೆಯೊಡನೆ ಬೆರೆತು, ನೀರಿಗೆ ಬಿದ್ದ ನಾವಿಕರ ಮೈಗೆ ಹತ್ತಿತು. ಕಾರಣವನ್ನು ಶೋಧಿಸಲು ಬಂದ ಸ್ಟುವರ್ಟ್ ಅಲೆಗ್ಸಾಂಡರ್ ಎಂಬ ಸೈನ್ಯದ ವೈದ್ಯನು, ಸತ್ತವರ ಮತ್ತು ಸಾಯುತ್ತಿದ್ದವರ ರಕ್ತದಲ್ಲಿ ಬಿಳಿಯ ಕಣಗಳು ಕ್ಷಯಿಸಿಹೋಗಿದ್ದುದನ್ನು ಕಂಡು ವರದಿಮಾಡಿದನು. ಅದಕ್ಕೆ ಒಂದು ವರುಷ ಮುಂಚೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಯುದ್ಧಕಾಲದ ಗೋಪ್ಯದೊಳಗೆ, ಆ ಅನಿಲದ ಬಂಧುವಾದ ರಾಸಾಯನಿಕವೊಂದನ್ನು ದುಗ್ಧಗ್ರಂಥಿಗಳಲ್ಲಿ ಗಂತಿಗಳಿದ್ದ ರೋಗಿಗೆ ಕೊಟ್ಟು, ಆ ಗಂತಿಗಳು ಕರಗಿದ್ದನ್ನು ಗುಡ್‌ಮನ್, ಗಿಲ್‌ಮನ್ ಎಂಬವರು ನೋಡಿದ್ದರು. ಬಿಳಿಕಣಗಳನ್ನು ಅಳಿಸಬಲ್ಲ ವಸ್ತುವು, ಮಿತಿಯಿಲ್ಲದೆ ವೃದ್ಧಿಯಾಗುವ ರೋಗದ ಕಣಗಳನ್ನೂ ಅಳಿಸಬಲ್ಲುದೆಂಬ ಆಲೋಚನೆ ಹೀಗೆ ಗಟ್ಟಿಯಾಯಿತು. ಅದೇ ವಂಶದಲ್ಲಿ 1950ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದದ್ದು ನಿನ್ನ ಸೈಕ್ಲೊಫಾಸ್ಫಮೈಡ್.

ಅಕ್ಕ: ಕೊಲ್ಲಲೆಂದು ಮಾಡಿದ್ದರ ಮೊಮ್ಮಗನನ್ನು ನನ್ನ ನರದೊಳಗೆ ಬಿಡುತ್ತಾರೆಂದು ಹೇಳಿ ಸಮಾಧಾನಮಾಡುವ ನಿನ್ನ ರೀತಿ ಬಹಳ ಚೆನ್ನಾಗಿದೆ. ಕೆಂಪಿನದೂ ಇಂಥದೇ ಕಥೆಯೋ?

ತಮ್ಮ: ಅದು ಸೌಮ್ಯವಾದದ್ದು. ಬಾರಿಯಿಂದ ಬಹಳ ದೂರವಲ್ಲದ ಕಡೆ ಕಾಸ್ತೆಲ್ ದೆಲ್ ಮೊಂತೆ ಎಂಬ ಹದಿಮೂರನೆಯ ಶತಮಾನದ ಕೋಟೆಯಿದೆ. ಅದರ ಸುತ್ತಿನ ಮಣ್ಣಿನಲ್ಲಿ ಕೆಂಪು ವರ್ಣದ ವಸ್ತುವನ್ನು ತಯಾರಿಸುವ ಸೂಕ್ಷ್ಮಜೀವಿಯೊಂದು ಇಟಲಿಯ ಸಂಶೋಧಕರಿಗೆ ದೊರೆಯಿತು. ಆ ಜೀವಿಯ ತಳಿಯನ್ನು ಮಾರ್ಪಡಿಸಿದ ಮೇಲೆ ಬಂದದ್ದು ಈ ಔಷಧ.

ಅಕ್ಕ: ಕೋಟೆಯೂ ಕೆಮ್ಮಣ್ಣೂ ಬಾದಾಮಿಯಲ್ಲಿ ಬೇಕಾದಷ್ಟುಂಟು. ಹುಡುಕುವವರು ಈ ಕಡೆ ಬರಲಿಲ್ಲ.

ತಮ್ಮ: ಆ ಕೆಂಪನ್ನು ಕಂಡು ಮರುದಿನ ಗಾಬರಿಯಾಗಬಾರದೆಂದೇ ಹೇಳುತ್ತಿರುವೆನು. ಒಂದೆರಡು ದಿನ ಮೂತ್ರವು ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ. ಆದರೆ ಸೂಜಿ ಚುಚ್ಚಿದ ಕಡೆ, ಔಷಧ ಇಳಿಯುವಾಗ, ಸ್ವಲ್ಪ ಉರಿದರೂ ಸರಿ, ಆ ಕ್ಷಣದಲ್ಲಿಯೇ ನರ್ಸನ್ನು ಕೂಗಬೇಕು. ನರದಿಂದ ಹೊರಗೆ ಚೆಲ್ಲಿದರೆ ಅದು ಮಾಂಸವನ್ನು ಸುಡುವ ವಸ್ತು. ಅಲ್ಲಿ ಸಹನೆ ತೋರಿಸಿ ಸುಮ್ಮನೆ ಕುಳಿತೀಯೆ, ಜೋಕೆ! ಶಾಲೆಯ ಬಾಯಿಯವರೆಂಬ ಗಾಂಭೀರ್ಯವನ್ನು ಮನೆಯಲ್ಲಿಟ್ಟು ಬಾ.

ಅಕ್ಕ: ಕೂದಲು, ಬಾಯಿ, ರಕ್ತ, ಇವೆಲ್ಲ ಯಾವ ತಪ್ಪು ಮಾಡಿದುವೆಂದು ಕೆಡುತ್ತವೆ?

ತಮ್ಮ: ಬೇಗಬೇಗನೆ ಒಡೆದು ಎರಡಾಗುವ ಕಣಗಳನ್ನು ಆ ಔಷಧ ಹುಡುಕುತ್ತದೆ. ರೋಗದ ಕಣ ಅಂಥದು. ಕೂದಲಿನ ಬೇರು, ಬಾಯೊಳಗಿನ ತೊಗಲು, ಎಲುಬಿನ ನೆಣದಲ್ಲಿ ರಕ್ತ ಹುಟ್ಟುವ ಸ್ಥಾನ ಇವೂ ಅಂಥವೇ. ಎಡೆಕುಂಟೆ ಹೊಡೆಯುವಾಗ ಕಸದೊಡನೆ ಜೋಳದ ನಾಲ್ಕು ಸಸಿಗಳೂ ಕಿತ್ತುಬರುವುದಿಲ್ಲವೆ? ಭೇದವೆಂದರೆ, ಒಳ್ಳೆಯ ಕಣಗಳು ಮೂರು ವಾರದೊಳಗೆ ಮತ್ತೆ ಚೇತರಿಸಿಕೊಳ್ಳುತ್ತವೆ. ಸರದಿಯಿಂದ ಸರದಿಗೆ ಇಪ್ಪತ್ತೊಂದು ದಿನಗಳ ಅಂತರವನ್ನು ಇಟ್ಟಿರುವುದು ಈ ಕಾರಣದಿಂದಲೇ ಹೊರತು ವೈದ್ಯರ ಅನುಕೂಲಕ್ಕಲ್ಲ. ಆದುದರಿಂದ ನಿನ್ನ ಮುಂದೆ ಇರುವುದು ಐದಾರು ತಿಂಗಳೆಂಬ ಒಂದು ಕತ್ತಲೆಯೆಂದು ಭಾವಿಸಬೇಡ. ಇಪ್ಪತ್ತೊಂದು ದಿನಗಳ ಒಂದು ಕ್ರಮವುಂಟು, ಅದರಲ್ಲಿ ಯಾವ ದಿನ ಏನೆಂಬುದು ಬಹುಮಟ್ಟಿಗೆ ಗೊತ್ತಿರುವ ವಿಷಯ. ಆ ಪಂಚಾಂಗವನ್ನು ಇತ್ತ ಕೊಡು.

ಅಕ್ಕ: ಪುಷ್ಯ ಶುದ್ಧ ಪಂಚಮಿಗೆ ಬರಹೇಳಿದ್ದಾರೆ.

ತಮ್ಮ: ಪಂಚಮಿ ಮೊದಲನೆಯ ದಿನ. ಅಂದು ನಿನಗೆ ಹೆಚ್ಚೇನೂ ತಿಳಿಯುವುದಿಲ್ಲ. ವಾಂತಿಗೆಂದು ಕೊಡುವ ಔಷಧದಲ್ಲಿ ಸ್ಟೆರಾಯ್ಡ್ ಇರುವುದರಿಂದ ರಾತ್ರಿ ನಿದ್ದೆ ಬರಲಿಕ್ಕಿಲ್ಲ, ಅಷ್ಟೆ. ಷಷ್ಠಿಯಿಂದ ಅಷ್ಟಮಿಯವರೆಗೆ ಹೊಟ್ಟೆ ತೊಳಸುವುದು, ಆಯಾಸ, ಒಗ್ಗರಣೆಯ ವಾಸನೆಯನ್ನು ಕಂಡರಾಗದಿರುವುದು. ಮಾತ್ರೆಗಳನ್ನು ಸಂಕಟವಾದಾಗ ನುಂಗುವುದಲ್ಲ, ಆಗುವ ಮುಂಚೆಯೇ ಹೊತ್ತಿಗೆ ಸರಿಯಾಗಿ ನುಂಗಬೇಕು. ಅವುಗಳಿಂದ ಮಲಬದ್ಧತೆಯಾಗುವುದೂ ಉಂಟು, ಅದಕ್ಕೂ ಮದ್ದು ಕೇಳಿ ಇಟ್ಟುಕೊಳ್ಳಬೇಕು. ಏಕಾದಶಿಯಿಂದ ಹುಣ್ಣಿಮೆ ದಾಟಿ ಎರಡು ಮೂರು ದಿನಗಳವರೆಗೆ ಬಿಳಿಕಣಗಳು ಕೆಳಗಿಳಿದಿರುತ್ತವೆ. ನಿನಗೆ ಆಗ ಮೈ ಹಗುರಾದಂತೆಯೂ ತೋರಬಹುದು; ಅಪಾಯವಿರುವುದು ಆ ದಿನಗಳಲ್ಲಿಯೇ. ಅಂಗೈಯಿಂದ ಹಣೆ ಮುಟ್ಟಿ ನೋಡುವ ಪದ್ಧತಿ ಸಾಲದು. ನಾನು ತಂದಿರುವ ಈ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಕಂಡರೆ, ನಡುರಾತ್ರಿಯಾದರೂ ಸರಿ, ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡುವುದು. ಜ್ವರದ ಗುಳಿಗೆ ನುಂಗಿ ಬೆಳಗಾಗಲೆಂದು ಕಾಯಕೂಡದು. ಗುಳಿಗೆಯು ಜ್ವರವನ್ನು ಮರೆಮಾಡುತ್ತದೆಯೇ ಹೊರತು ಸೋಂಕನ್ನು ನಿಲ್ಲಿಸುವುದಿಲ್ಲ. ಆ ಗುಳಿಗೆಯನ್ನು ದಿನಕ್ಕೆ ನೂರು ಮಾರುವವನು ಹೇಳುತ್ತಿದ್ದೇನೆ.

ಅಕ್ಕ: ಹುಣ್ಣಿಮೆಯೆಂದೆ. ಯಾವ ಹುಣ್ಣಿಮೆಯೆಂದು ಯೋಚಿಸಿದೆಯಾ?

ತಮ್ಮ: ಬನದ ಹುಣ್ಣಿಮೆ. ಬಲ್ಲೆ.

ಅಕ್ಕ: ಬನಶಂಕರಿಯ ತೇರು ಎಳೆಯುವ ದಿನವೇ ನನ್ನ ಮೈಯಲ್ಲಿ ಕಾವಲುಗಾರರಿಲ್ಲ! ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ತೇರಿನ ದಿನ ಹರಿದ್ರಾತೀರ್ಥದ ಕಟ್ಟೆಯ ಮೇಲೆ ನಿಲ್ಲದೆ ಇದ್ದುದಿಲ್ಲ. ಅದನ್ನಾದರೂ ಬಿಡಬಹುದು, ದೇವಿಗೆ ನನ್ನ ಕಣ್ಣಿನ ಸಾಕ್ಷಿ ಬೇಕಿಲ್ಲ. ಚೊಳಚಗುಡ್ಡದಲ್ಲಿ ಜಾತ್ರೆಯೆಂದರೆ ಮನೆಯೆಂದು ನೀನೂ ಅರಿತವನು. ಈ ಊರಿನಿಂದ ಹೆಣ್ಣು ತಂದವರು, ಈ ಊರಿಗೆ ಹೆಣ್ಣು ಕೊಟ್ಟವರು, ಗುಳೇದಗುಡ್ಡದವರು, ಇಳಕಲ್ಲಿನವರು, ಹುನಗುಂದದ ಬೀಗರು, ಅವರ ಮಕ್ಕಳು, ಆ ಮಕ್ಕಳ ಗೆಳೆಯರು, ಪಡಸಾಲೆಯಲ್ಲಿ ಕಾಲಿಡಲು ತೆರಪಿಲ್ಲದಂತೆ ಮಲಗಿ, ನಾಟಕ ನೋಡಿ ಬೆಳಗಿನ ಜಾವಕ್ಕೆ ಬಂದವರಿಗೂ ರೊಟ್ಟಿ ಬಡಿದು ಹಾಕಿದ ಮನೆ ಇದು. ತಮ್ಮಾ, ನನ್ನ ಅಂಜಿಕೆ ಸೂಜಿಯದಲ್ಲ, ವಾಂತಿಯದೂ ಅಲ್ಲ. ಬಂದವರಿಗೆ ಬರಬೇಡಿರೆಂದು ಹೇಳುವುದು ಹೇಗೆಂಬುದು. ಬಂದವರೆಲ್ಲ ಉಂಡೆದ್ದ ಮೇಲೆ ಉಣ್ಣುತ್ತಿದ್ದವಳು ಮೂಲೆಯಲ್ಲಿ ಕುಳಿತು ಇನ್ನೊಬ್ಬರಿಂದ ಬಡಿಸಿಕೊಳ್ಳುವುದು ಹೇಗೆಂಬುದು. ನಿನ್ನ ಇಪ್ಪತ್ತೊಂದು ದಿನಗಳ ಕ್ರಮದಲ್ಲಿ ಇದು ಯಾವ ದಿನಕ್ಕೆ ಬರುತ್ತದೆ?

ತಮ್ಮ: ಅದಕ್ಕೆ ನಾನೊಂದು ಯೋಚನೆ ಮಾಡಿರುವೆನು. ಅಕ್ಕನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದೆ, ವೈದ್ಯರು ವಿಶ್ರಾಂತಿ ಹೇಳಿದ್ದಾರೆ ಎಂದು ಎಲ್ಲರಿಗೂ ಫೋನು ಮಾಡಿಬಿಡುತ್ತೇನೆ. ರೋಗದ ಹೆಸರೇಕೆ? ಮಗಳಿಗೆ ವರ ನೋಡುತ್ತಿದ್ದೇವೆ. ಹುನಗುಂದದ ಕಡೆಯ ಸಂಬಂಧ ಅರ್ಧ ಕುದುರಿದೆ. ತಾಯಿಗೆ ಇಂಥ ರೋಗವೆಂದು ತಿಳಿದರೆ ಜನ ಏನೇನು ಲೆಕ್ಕ ಹಾಕುತ್ತಾರೋ!

ಅಕ್ಕ: ಇಷ್ಟು ಹೊತ್ತು ವಿಜ್ಞಾನ ಹೇಳಿದ ಬಾಯಿಯಿಂದ ಇದು ಬಂದಿತೆ? ಇಂದು ಬಂದವರಲ್ಲಿ ಒಬ್ಬಾಕೆ ನಾನು ಕೊಟ್ಟ ಚಹಾದ ಬಸಿಯನ್ನು ಕೈಯಲ್ಲಿ ಹಿಡಿದು, ತುಟಿಗೆ ತಾಗಿಸದೆ, ತಣ್ಣಗಾದ ಮೇಲೆ ಕಿಟಕಿಯ ಮೇಲಿಟ್ಟು ಹೋದಳು. ನನ್ನಿಂದ ಹತ್ತೀತೆಂದು ಅವಳ ಭಯ.

ತಮ್ಮ: ಅದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವೇ ಅಲ್ಲ. ಈ ದಿನಗಳಲ್ಲಿ ಭಯವಿರಬೇಕಾದದ್ದು ನಿನಗೆ. ಅವಳ ಮಗನ ನೆಗಡಿ ನಿನಗೆ ಹತ್ತಬಾರದು.

ಅಕ್ಕ: ಹಾಗಾದರೆ ನೋಡು. ಸಕ್ಕರೆ ಕಾಯಿಲೆಯೆಂದರೆ ಅವರು ಮಾತನಾಡಿಸಲೆಂದು ಬಂದೇ ಬರುತ್ತಾರೆ; ನೆಗಡಿಯಾದ ಮಕ್ಕಳನ್ನು ಕರೆತಂದು ತೊಡೆಯ ಮೇಲೆ ಕೂರಿಸುತ್ತಾರೆ. ಸುಳ್ಳು ಹೇಳಿ ದೂರವಿಡುವುದು ಸಾಧ್ಯವಿಲ್ಲ. ಇನ್ನು ಮಗಳ ಮಾತು. ಇದು ವಂಶದಲ್ಲಿ ಇಳಿದು ಬರುವುದೆ?

ತಮ್ಮ: ನೂರರಲ್ಲಿ ಐದರಿಂದ ಹತ್ತು ಜನರ ಸ್ತನದ ಕ್ಯಾನ್ಸರು ಮಾತ್ರ ಹುಟ್ಟಿನಿಂದ ಬಂದ ದೋಷದ್ದೆಂದು ಎಣಿಸುತ್ತಾರೆ. ನಮ್ಮ ತಾಯಿಗಾಗಲಿ ಚಿಗವ್ವನಿಗಾಗಲಿ ಇರಲಿಲ್ಲ.

ಅಕ್ಕ: ಇದ್ದರೂ ಹೇಳುವುದೇ ಸರಿ. ಲಗ್ನದ ಅಕ್ಕಿಕಾಳು ಬಿದ್ದ ಮೇಲೆ ತಿಳಿದರೆ ಆ ಹುಡುಗಿ ಆಯುಷ್ಯವಿಡೀ ಮಾತು ಕೇಳಬೇಕಾಗುತ್ತದೆ. ಈಗಲೇ ತಿಳಿದು ಹಿಂದೆ ಸರಿಯುವ ಬೀಗರಾದರೆ ಅವರು ಸರಿದುಹೋಗುವುದು ನಮಗೆ ಲಾಭ. ಫೋನು ನಾನೇ ಮಾಡುತ್ತೇನೆ. ರೋಗದ ಹೆಸರನ್ನು ಹೇಳುತ್ತೇನೆ; ಔಷಧದ ಹೆಸರು ನನ್ನ ನಾಲಗೆಗೆ ಬರಲಿಕ್ಕಿಲ್ಲ, ಕೆಂಪು ಔಷಧವೆನ್ನುತ್ತೇನೆ. ಹುಣ್ಣಿಮೆಗೆ ಬರಬೇಡಿರಿ ಎನ್ನುವುದಿಲ್ಲ. ಬಂದು ಬಾದಾಮಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇಳಿಯಿರಿ ಎನ್ನುತ್ತೇನೆ. ಐದು ಕಿಲೋಮೀಟರು ದೂರ. ತೇರಿಗೆ ಬಸ್ಸುಗಳು ಓಡುತ್ತಲೇ ಇರುತ್ತವೆ. ನಿನ್ನ ಹೆಂಡತಿಯನ್ನು ಕೇಳಿ ಹೇಳು.

ತಮ್ಮ: ಕೇಳುವುದೇನು? ನೀನು ಹೇಳಿದ ಮೇಲೆ ಅವಳು ಇಲ್ಲವೆನ್ನುವವಳಲ್ಲ. ರೊಟ್ಟಿಯನ್ನು ಕಟ್ಟಿಗೆ ಕಟ್ಟಾಗಿ ಹೊರಗಿನಿಂದ ತರಿಸಿದರಾಯಿತು.

ಅಕ್ಕ: ಊಟದ ಮಾತು ಬಂದಿತಲ್ಲ, ನನ್ನ ಊಟವನ್ನೂ ಹೇಳು. ಓಣಿಯಲ್ಲಿ ಒಬ್ಬರು ಅಮೃತಬಳ್ಳಿಯ ಕಷಾಯ ತಂದಿಟ್ಟಿದ್ದಾರೆ. ಇನ್ನೊಬ್ಬರು ಅನ್ನವನ್ನೇ ಬಿಡೆನ್ನುತ್ತಾರೆ.

ತಮ್ಮ: ಕಷಾಯವನ್ನು ಗಿಡದ ಬುಡಕ್ಕೆ ಹೊಯ್ಯಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದವರ ಪ್ರಸಂಗಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ನಿನ್ನ ಔಷಧವನ್ನು ಜೀರ್ಣಿಸತಕ್ಕದ್ದೂ ಅದೇ ಯಕೃತ್ತು. ಅನ್ನ ಬಿಡುವ ಮಾತು ಬೇಡವೇ ಬೇಡ, ತೂಕ ಇಳಿಯಬಾರದು. ಬಾಯಿ ಹುಣ್ಣಾದರೆ ಕಟಕು ರೊಟ್ಟಿಯನ್ನು ದೂರವಿಟ್ಟು, ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿಸಿ, ಮನೆಯ ಮಜ್ಜಿಗೆ ಕಲಸಿ ಉಣ್ಣು; ಆರಿದ ಅನ್ನಕ್ಕೆ ವಾಸನೆ ಕಡಿಮೆ, ಹೊಟ್ಟೆ ತೊಳಸುವವರಿಗೆ ಅದೇ ಹಿತ. ಇನ್ನೊಂದು ಸೂಕ್ಷ್ಮವನ್ನು ಕೇಳು. ಪಂಚಮಿಯ ದಿನ ಮಾದಲಿಯನ್ನಾಗಲಿ, ಹೋಳಿಗೆಯನ್ನಾಗಲಿ, ನಿನಗೆ ಬಲು ಪ್ರೀತಿಯಾದ ಯಾವುದನ್ನೂ ತಿಂದು ಹೋಗಬೇಡ. 1978ರಲ್ಲಿ ಅಮೆರಿಕದ ಐಲೀನ್ ಬರ್ನ್‌ಸ್ಟೈನ್ ಎಂಬಾಕೆ, ಇಂಥ ಚಿಕಿತ್ಸೆಗೆ ಬಂದ ಮಕ್ಕಳಿಗೆ ಅವರು ಕಂಡರಿಯದ ರುಚಿಯ ಐಸ್‌ಕ್ರೀಮನ್ನು ಮೊದಲು ಕೊಟ್ಟು ನೋಡಿದಳು. ಕೆಲವು ವಾರಗಳ ಮೇಲೆ ಅದನ್ನೇ ಮತ್ತೆ ಕೊಟ್ಟಾಗ ಬಹಳ ಮಕ್ಕಳು ಬೇಡವೆಂದುವು. ಸಂಕಟಕ್ಕೆ ಕಾರಣ ಔಷಧವೆಂದು ಬುದ್ಧಿಗೆ ಗೊತ್ತಿದ್ದರೂ ನಾಲಗೆಯು ಆರೋಪ ಹೊರಿಸುವುದು ಕೊನೆಗೆ ತಿಂದ ಪದಾರ್ಥದ ಮೇಲೆ. ನಿನ್ನ ಮಾದಲಿಯನ್ನು ಉಳಿಸಿಕೊಳ್ಳಬೇಕಾದರೆ ಅಂದು ಸಪ್ಪನೆಯ ಗಂಜಿ ಕುಡಿದು ಹೋಗು.

ಅಕ್ಕ: ಹಸಿಯ ಪಲ್ಯ? ಮೆಂತೆಯ ಸೊಪ್ಪು, ಹಕ್ಕರಿಕೆ, ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿದೀತೆ?

ತಮ್ಮ: ಬೇಯಿಸಿದ್ದನ್ನೇ ತಿನ್ನುವುದರಿಂದ ಸೋಂಕು ತಗ್ಗುವುದೆಂದು ಪರೀಕ್ಷೆಗಳು ತೋರಿಸಿಲ್ಲ, ಆದರೂ ಅನೇಕ ವೈದ್ಯರು ಆ ನಡುವಿನ ದಿನಗಳಲ್ಲಿ ಹಸಿಯದನ್ನು ಬಿಡೆನ್ನುತ್ತಾರೆ. ನಮ್ಮ ಮಲಪ್ರಭೆಯ ದಂಡೆಯ ತೋಟಗಳ ನೀರನ್ನು ಕಣ್ಣಾರೆ ಕಂಡವನಾಗಿ ನಾನು ಅವರ ಪಕ್ಷ. ಏಕಾದಶಿಯಿಂದ ಒಂದು ವಾರ ಬಿಡು. ಮಿಕ್ಕ ದಿನ ಚೆನ್ನಾಗಿ ತೊಳೆದು ತಿನ್ನು.

ಅಕ್ಕ: ಕ್ಷಾಮದಲ್ಲಿ ತನ್ನ ಮೈಯಿಂದ ಕಾಯಿಪಲ್ಯ ಕೊಟ್ಟು ಜನರನ್ನು ಬದುಕಿಸಿದ ಶಾಕಂಭರಿ ನಮ್ಮ ದೇವಿ. ಅವಳಿಗೆ ನೂರೆಂಟು ಬಗೆಯ ಪಲ್ಯ ನೈವೇದ್ಯವಾಗುವ ಹಬ್ಬದಲ್ಲಿಯೇ ನನಗೆ ಸೊಪ್ಪು ನಿಷಿದ್ಧ! ಅವಳಿಗೂ ನಗು ಬಂದೀತು.

ತಮ್ಮ: ಕೂದಲಿನ ಮಾತನ್ನು ನೀನು ಕೇಳಲಿಲ್ಲ.

ಅಕ್ಕ: ಕೇಳುವುದೇನಿದೆ? ಎರಡು ವಾರ ದಾಟಿದ ಮೇಲೆ ಉದುರುತ್ತದೆಂದು ನರ್ಸು ಹೇಳಿದಳು, ಚಿಕಿತ್ಸೆ ಮುಗಿದ ಮೇಲೆ ಬರುತ್ತದೆಂದೂ ಹೇಳಿದಳು. ದಿಂಬಿನ ಮೇಲೆ ಎಳೆಎಳೆಯಾಗಿ ಬೀಳುವುದನ್ನು ಬೆಳಗಾದರೆ ಆರಿಸುತ್ತ ಕೂಡ್ರಲಾರೆ. ಚತುರ್ದಶಿಯೊಳಗೆ ಮಗಳ ಕೈಯಿಂದ ಗಿಡ್ಡಗೆ ಕತ್ತರಿಸಿಕೊಂಡುಬಿಡುತ್ತೇನೆ. ಮೇಲೆ ಇಳಕಲ್ ಸೀರೆಯ ಸೆರಗುಂಟು. ಬೆಂಗಳೂರಿನ ಹೆಂಗಸರಿಗೆ ಟೋಪಿಯೋ ವಿಗ್ಗೋ ಬೇಕಾದೀತು. ತಲೆಯ ಮೇಲೆ ಸೆರಗಿಲ್ಲದೆ ಅಂಗಳಕ್ಕೆ ಇಳಿಯದ ನಮ್ಮ ಸೀಮೆಯವರಿಗೆ ಈ ಒಂದು ಅನುಕೂಲವನ್ನು ಹಿರಿಯರು ಮಾಡಿಟ್ಟಿದ್ದಾರೆ. ಹುಬ್ಬು ಹೋದರೆ ಮಾತ್ರ ಮರೆಮಾಡಲು ಬರುವುದಿಲ್ಲ.

ತಮ್ಮ: ಅಳು ಬಂದರೆ ಅಳು, ಅಕ್ಕಾ. ನನ್ನ ಮುಂದೆ ತಡೆದುಕೊಳ್ಳಬೇಡ.

ಅಕ್ಕ: ಬಂದಾಗ ನೋಡೋಣ. ಅಳಬೇಕೆಂಬ ನಿಯಮವೂ ಇಲ್ಲವಷ್ಟೆ? ಈಗ ಪಂಚಾಂಗಕ್ಕೆ ಬಾ. ಬಿಳಿಕಣಗಳು ಮೇಲೇರುವುದು ಯಾವಾಗ?

ತಮ್ಮ: ಬಹುಳ ಪಂಚಮಿಯ ಹೊತ್ತಿಗೆ ಏರತೊಡಗಿರಬೇಕು. ಬಹುಳ ಏಕಾದಶಿಯ ಹೊತ್ತಿಗೆ, ಒಂದು ತಿಥಿ ಹೆಚ್ಚು ಕಡಿಮೆ, ಎರಡನೆಯ ಸರದಿ. ಅದಕ್ಕೆ ಒಂದೆರಡು ದಿನ ಮುಂಚೆ ರಕ್ತ ಪರೀಕ್ಷಿಸುತ್ತಾರೆ. ಕಣಗಳು ಸಾಲದಿದ್ದರೆ ಸರದಿಯನ್ನು ಮುಂದೆ ಹಾಕುತ್ತಾರೆ, ಅದರಲ್ಲಿ ಗಾಬರಿಪಡುವಂಥದೇನೂ ಇಲ್ಲ. ಹೀಗೆ ನಡೆದರೆ ಯುಗಾದಿಯ ಹೊತ್ತಿಗೆ ಕೆಂಪು ಔಷಧದ ನಾಲ್ಕೂ ಸರದಿ ಮುಗಿದು, ಮುಂದಿನ ಬೇರೆ ಔಷಧಕ್ಕೆ ಹೋಗಿರುತ್ತೀ. ಅದು ಬೆರಳಿನ ತುದಿಗಳನ್ನು ಜೋಮು ಹಿಡಿಸುವ ಸ್ವಭಾವದ್ದು. ಅದರ ವಿಷಯ ಈಗ ಬೇಡ.

ಅಕ್ಕ: ಎಂದರೆ ಬಹುಳ ನವಮಿಯ ದಿನ ನಾನು ಹೊರಗೆ ಹೋಗಬಹುದು.

ತಮ್ಮ: ರಕ್ತದ ಕಾಗದ ಚೆನ್ನಾಗಿ ಬಂದರೆ, ಮಧ್ಯಾಹ್ನದ ಹೊತ್ತು, ಮೂಗಿಗೆ ಮಾಸ್ಕು ಹಾಕಿಕೊಂಡು ಹೋಗಬಹುದು. ಎಲ್ಲಿಗೆ?

ಅಕ್ಕ: ಎಲ್ಲಿಗೆಂದು ಕೇಳುತ್ತೀಯಲ್ಲ! ತೇರು ಒಂದು ದಿನದ್ದು, ಜಾತ್ರೆ ಒಂದು ದಿನದ್ದೆ? ಅಂಗಡಿಗಳೂ ನಾಟಕದ ಕಂಪನಿಗಳೂ ಅಮವಾಸ್ಯೆಯವರೆಗೂ ಕದಲುವುದಿಲ್ಲ. ನಾಟಕದ ಡೇರೆಯೊಳಗೆ ಕೂಡ್ರುವುದಿಲ್ಲ, ನೀನು ಹೆದರಬೇಡ. ಹಿತ್ತಿಲ ಕೋಣೆಗೆ ಬಾಗಿಲ ಚೌಕಟ್ಟು ಬೇಕೆಂದು ಎರಡು ವರುಷಗಳಿಂದ ಹೇಳುತ್ತಿದ್ದೇನೆ. ಬನಶಂಕರಿಯ ಜಾತ್ರೆಯ ಬಾಗಿಲು ಬಿಟ್ಟು ಬೇರೆಲ್ಲಿಯದನ್ನೂ ನಾನು ಕೊಳ್ಳುವವಳಲ್ಲ.

ತಮ್ಮ: ಅದನ್ನು ನಾನೇ ತೇರಿನ ಮರುದಿನ ಆರಿಸಿ ತಂದರಾಯಿತು. ನಿನಗೇಕೆ ಆಯಾಸ?

ಅಕ್ಕ: ನೀನೇ? ಹೇಳಿದ ದರ ಕೊಟ್ಟು, ಗಂಟಿರುವ ಕಟ್ಟಿಗೆಯನ್ನು ಹೊತ್ತು ತರುವವನು ನೀನು. ಹುಣ್ಣಿಮೆಯ ಸುತ್ತಿನಲ್ಲಿ ಬಡಿಗೇರರು ಬಾಯಿಗೆ ಬಂದದ್ದನ್ನು ಕೇಳುತ್ತಾರೆ. ನವಮಿ ದಶಮಿಗೆ ಉಳಿದ ಮಾಲನ್ನು ಮತ್ತೆ ಗಾಡಿಯಲ್ಲಿ ಹೇರಿಕೊಂಡು ಹೋಗುವ ಬಾಡಿಗೆಯ ಚಿಂತೆ ಅವರಿಗೆ ಹತ್ತಿರುತ್ತದೆ; ಆಗ ಚೌಕಾಸಿ ಮಾಡಬೇಕು. ನೀನು ಪಕ್ಕದಲ್ಲಿ ಸುಮ್ಮನೆ ನಿಂತಿರು, ದರ ನಾನು ಮಾತನಾಡುತ್ತೇನೆ. ಮಾಸ್ಕಿನೊಳಗಿಂದ ನನ್ನ ದನಿ ಕೇಳಿಸೀತೋ ಇಲ್ಲವೋ ಎಂಬುದೊಂದೇ ಈಗ ನನ್ನ ಸಂದೇಹ.